ಕಡಲಾಚೆಯ ಚಾಕರಿ

ಶಿಗ್ಗಾಂವಿ ತಾಲೂಕಿನ ದುಂಡಸಿ, ಬಯಲುಸೀಮೆಯೂ ಮಲೆನಾಡೂ ಒಂದನ್ನೊಂದು ಮುಟ್ಟುವ ಎಡೆಯಲ್ಲಿರುವ ಒಂದು ಹೋಬಳಿಯ ಊರು. ಭತ್ತದ ಗದ್ದೆ, ಗೋವಿನಜೋಳದ ಹೊಲ, ಅವುಗಳ ಅಂಚಿಗೆ ಕಾಡಿನ ಗುಡ್ಡ. ಇಂಥ ಊರುಗಳಿಂದ ಹೊಟ್ಟೆಪಾಡಿಗಾಗಿ ಹೊರಟವರು ಹಿಂದೆ ಹುಬ್ಬಳ್ಳಿಯವರೆಗೆ, ಬಹಳವಾದರೆ ಮುಂಬಯಿಯವರೆಗೆ ಹೋಗುತ್ತಿದ್ದರು. ಹಬ್ಬಕ್ಕೆ ಮರಳಿ ಬರುತ್ತಿದ್ದರು. ಈಗಿನ ಮಾತು ಬೇರೆ. ಅಂಥ ಊರಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮಗ ಇಂಜಿನಿಯರು. ಬೆಂಗಳೂರಿನ ಕಂಪನಿಯೊಂದು ಅವನನ್ನು ಮೂರು ವರ್ಷದ ಮಟ್ಟಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಕಳಿಸಲು ನಿಶ್ಚಯಿಸಿದೆ. ಸುದ್ದಿ ಕೇಳಿ ತಾಯಿ, “ಅಲ್ಲೆ ಉಣ್ಣಾಕ ಏನ್ ಮಾಡ್ತೀಪಾ?” ಎನ್ನುತ್ತಾಳೆ. ತಂದೆ ಹೊಲದಿಂದ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕುತ್ತಾನೆ: “ತಿರುಗಿ ಬಂದಮ್ಯಾಲೆ ಇಲ್ಲೆ ನಿನ್ನ ಜಾಗಾ ಹಂಗ ಇರತೈತೇನು?”

ಪರದೇಶಕ್ಕೆ ನೌಕರರನ್ನು ಕಳಿಸುವ ಸಂಸ್ಥೆಗಳು ವಿಮಾನದ ಚೀಟಿ, ವಸತಿ, ವೀಸಾ, ತೆರಿಗೆ, ಭತ್ಯ ಎಂದು ನೂರೆಂಟು ವಿಷಯಗಳನ್ನು ಕುರಿತು ತಲೆ ಕೆಡಿಸಿಕೊಳ್ಳುತ್ತವೆ. ಆದರೆ ಆ ರೈತನ ಪ್ರಶ್ನೆ ಇವೆಲ್ಲಕ್ಕಿಂತ ಹಳೆಯದು, ಹೆಚ್ಚು ತೊಡಕಿನದು. ಅದು ಎಷ್ಟು ಹಳೆಯದೆಂಬುದನ್ನು ತಿಳಿಯಲು ಜರ್ಮನಿಗೆ ಹೋಗಬೇಕಾದುದಿಲ್ಲ. ದುಂಡಸಿಯಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಧಾರವಾಡಕ್ಕೆ ಹೋದರೆ ಸಾಕು. ಏಕೆಂದರೆ ಸ್ಟುಟ್‌ಗಾರ್ಟಿಗೂ ಧಾರವಾಡದ ಸೀಮೆಗೂ ನಡುವೆ ನೌಕರಿಯ ಹಾದಿ ಬಿದ್ದುದು ಇಂದು ನಿನ್ನೆಯಲ್ಲ. ನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅದು ಬಿದ್ದಿತ್ತು. ಆಗ ಮಾತ್ರ ಜನ ಬರುತ್ತಿದ್ದುದು ಅಲ್ಲಿಂದ ಇಲ್ಲಿಗೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಸಂಸ್ಥೆಯು ಕನ್ನಡ ನಾಡಿಗೆ ಅಪರಿಚಿತವಲ್ಲ. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಅದರ ಸೇವಕರಲ್ಲಿ ಬಹುಮಂದಿ ಸ್ಟುಟ್‌ಗಾರ್ಟ್ ರಾಜಧಾನಿಯಾಗಿದ್ದ ವ್ಯುರ್ಟೆಂಬರ್ಗ್ ರಾಜ್ಯದ ರೈತರ, ಕಸುಬುದಾರರ ಮಕ್ಕಳು. ೧೮೩೩ರ ಶಾಸನದಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಇಂಡಿಯಾದ ಬಾಗಿಲು ತೆರೆದ ಮೇಲೆ, ೧೮೩೪ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರನ್ನು ಮುಟ್ಟಿದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ಹೀಗೆ ಘಟ್ಟದ ಮೇಲೂ ಅವರ ಠಾಣ್ಯಗಳು ಎದ್ದವು. ದುಂಡಸಿಯೂ ಅದರ ಸುತ್ತಣ ಹಳ್ಳಿಗಳೂ ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವೇ.

ಅವರ ಮತಪ್ರಚಾರದ ವಿಷಯ ಇಲ್ಲಿ ಅಪ್ರಸ್ತುತ. ಕನ್ನಡಕ್ಕೆ ಅವರಿಂದಾದ ಉಪಕಾರವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ನೋಡಬೇಕಾದುದು ಬೇರೊಂದು ಮುಖ. ಬಾಸೆಲಿನಲ್ಲಿ ಕುಳಿತ ಒಂದು ಸಮಿತಿ, ಎಂದೂ ಕಾಣದ ಸೀಮೆಯಲ್ಲಿ ದುಡಿಯುತ್ತಿದ್ದ ತನ್ನ ಜನರನ್ನು ಹೇಗೆ ನಡೆಸಿಕೊಂಡಿತು? ಪತ್ರ ಹೋಗಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು. ಸೂಯೆಜ್ ಕಾಲುವೆ ತೆರೆದುದು ೧೮೬೯ರಲ್ಲಿ. ಅದಕ್ಕೂ ಮುಂಚೆ ಧಾರವಾಡದಲ್ಲಿ ಒಬ್ಬನಿಗೆ ಜ್ವರ ಬಂದರೆ, ಆ ಸುದ್ದಿ ಬಾಸೆಲಿಗೆ ಮುಟ್ಟುವ ಹೊತ್ತಿಗೆ ಆತ ಒಂದೋ ಗುಣವಾಗಿರುತ್ತಿದ್ದ, ಇಲ್ಲವೇ ಮಣ್ಣಾಗಿರುತ್ತಿದ್ದ.

ಆ ದೂರವನ್ನು ಗೆಲ್ಲಲು ಸಮಿತಿ ಹಿಡಿದ ಉಪಾಯ ನಿಯಮ. ನಿಯಮದ ಮೇಲೆ ನಿಯಮ. ನೌಕರನನ್ನು ಆರಿಸುವುದು ತಾನೇ, ವರ್ಷಗಟ್ಟಲೆ ಶಿಕ್ಷಣ ಕೊಡುವುದು ತಾನೇ, ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವುದೂ ತಾನೇ. ಹೋದವನು ಮೊದಲು ಆ ಸೀಮೆಯ ಭಾಷೆಯನ್ನು ಕಲಿಯತಕ್ಕದ್ದು. ಸಂಬಳಕ್ಕಿಂತ ಹೆಚ್ಚಾಗಿ ಅವನಿಗೆ ಸಿಗುತ್ತಿದ್ದುದು ಜೀವನಕ್ಕೆ ತಕ್ಕಷ್ಟು ವೆಚ್ಚ. ಕಾಲಕಾಲಕ್ಕೆ ವರದಿ ಬರೆಯಬೇಕು. ತನ್ನ ಕೆಲಸದ ವರದಿಯಷ್ಟೇ ಅಲ್ಲ. ಜೊತೆಯ ಸಹೋದರರ ನಡತೆಯಲ್ಲಿ ತಪ್ಪು ಕಂಡರೆ ಅದನ್ನೂ ಬರೆಯಬೇಕು. ಒಂದೇ ಬಂಗಲೆಯಲ್ಲಿ ಉಂಡು, ಒಂದೇ ದೀಪದ ಬೆಳಕಿನಲ್ಲಿ ಕುಳಿತು, ಒಬ್ಬರ ಮೇಲೊಬ್ಬರು ಬಾಸೆಲಿಗೆ ಬರೆದುಕೊಳ್ಳುವ ಆ ಬಾಳು ಹೇಗಿದ್ದೀತು! ಇಂದಿನ ಸಮಾಜಶಾಸ್ತ್ರಜ್ಞರು ಈ ಏರ್ಪಾಟನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡು ಗ್ರಂಥ ಬರೆದಿದ್ದಾರೆ. ಅಚ್ಚರಿಯೆಂದರೆ ಸಂಸ್ಥೆ ಇದರಿಂದ ಒಡೆದುಹೋಗಲಿಲ್ಲ, ಬೆಳೆಯಿತು. ಜಗಳಗಳೂ ಅದರೊಂದಿಗೆ ಬೆಳೆದವು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

೧೮೫೦ರಿಂದ ೧೮೭೯ರವರೆಗೆ ಸಂಸ್ಥೆಯ ಇನ್‌ಸ್ಪೆಕ್ಟರಾಗಿದ್ದ, ಅಂದರೆ ಆಡಳಿತದ ಮುಖ್ಯಸ್ಥನಾಗಿದ್ದ, ಯೋಸೆಫ್ ಯೋಸೆನ್ಹಾನ್ಸ್ ಶಿಸ್ತಿನ ಮನುಷ್ಯ. ಆದರೂ ಆತನ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಅಧಿಕಾರಕ್ಕೆ ಬಂದ ಸ್ವಲ್ಪ ಕಾಲಕ್ಕೇ, ೧೮೫೧-೫೨ರಲ್ಲಿ, ಆತ ತಾನೇ ಇಂಡಿಯಾಕ್ಕೆ ಬಂದು ಠಾಣ್ಯಗಳನ್ನು ಸುತ್ತಿ ನೋಡಿದ. ತನ್ನ ಜನ ಎಂಥ ಬಿಸಿಲಿನಲ್ಲಿ ಓಡಾಡುತ್ತಾರೆ, ಎಂಥ ನೀರು ಕುಡಿಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡವನ ನಿಯಮಕ್ಕೂ ಮೇಜಿನ ಮುಂದೆ ಕುಳಿತವನ ನಿಯಮಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ನೌಕರರನ್ನು ದೇಶಾಂತರಕ್ಕೆ ಕಳಿಸುವ ಇಂದಿನ ಅಧಿಕಾರಿಗಳಲ್ಲಿ ಆ ದೇಶದಲ್ಲಿ ಒಂದು ಚಳಿಗಾಲವನ್ನಾದರೂ ಕಳೆದವರು ಎಷ್ಟು ಮಂದಿ? ಕೇಳಬೇಕಾದ ಪ್ರಶ್ನೆ ಇದು.

ಮದುವೆಯ ನಿಯಮವಂತೂ ಇಂದಿನವರಿಗೆ ಕಥೆಯಂತೆ ತೋರುತ್ತದೆ. ಮಿಶನರಿಯಾಗಿ ಹೊರಟವನು ಬ್ರಹ್ಮಚಾರಿಯಾಗಿಯೇ ಹೊರಡಬೇಕು. ಕೆಲವರ್ಷ ಸೇವೆ ಸಲ್ಲಿಸಿದ ಮೇಲೆ ಮದುವೆಗೆ ಅಪ್ಪಣೆ ಬೇಡಬಹುದು. ಅಪ್ಪಣೆ ಕೊಡುವುದು ಸಮಿತಿ. ವಧುವನ್ನು ಒಪ್ಪುವುದೂ ಸಮಿತಿ. ಎಷ್ಟೋ ಹೆಣ್ಣುಮಕ್ಕಳು ತಾವು ಮುಖವನ್ನೇ ಕಾಣದ, ಪತ್ರದ ಅಕ್ಷರದಿಂದಷ್ಟೇ ಬಲ್ಲ ಗಂಡಿಗಾಗಿ ತಂದೆತಾಯಿಗಳನ್ನು ಬಿಟ್ಟು ಹಡಗು ಹತ್ತಿದರು. ದಡದಲ್ಲಿ ಇಳಿದು ಕೆಲವೇ ದಿನಗಳಲ್ಲಿ ಅವರ ಮದುವೆ. ‘ಮಿಶನ್ ವಧುಗಳು’ ಎಂದೇ ಅವರಿಗೆ ಹೆಸರು. ಹಿರಿಯರು ನೋಡಿ ಗೊತ್ತುಮಾಡಿದ ಮದುವೆ ನಮ್ಮ ಸೀಮೆಗೇನೂ ಹೊಸದಲ್ಲ. ಆದರೆ ನಮ್ಮಲ್ಲಿ ಆ ಹಿರಿಯರು ಮನೆಯವರಾಗಿರುತ್ತಾರೆ, ಅಲ್ಲಿ ಧಣಿಗಳು.

ಇವೆಲ್ಲಕ್ಕಿಂತ ಕಠಿನವಾದುದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಕೂಸುಗಳು ಶಾಲೆಯ ವಯಸ್ಸಿಗೆ ಬಂದೊಡನೆ, ಆರೇಳು ವರ್ಷಕ್ಕೆಲ್ಲ, ಅವರನ್ನು ಯೂರೋಪಿಗೆ ಕಳಿಸಬೇಕು. ಅದಕ್ಕಾಗಿಯೇ ಬಾಸೆಲಿನಲ್ಲಿ ೧೮೫೩ರಲ್ಲಿ ಮಕ್ಕಳ ಮನೆಯೊಂದನ್ನು ತೆರೆಯಲಾಯಿತು. ಹವೆಯ ಭಯ, ರೋಗದ ಭಯ, ವಿದ್ಯಾಭ್ಯಾಸದ ಚಿಂತೆ, ಈ ನೆಲದ ನಡೆನುಡಿಗಳು ಹತ್ತಿಬಿಟ್ಟಾವೆಂಬ ಅಂಜಿಕೆ. ಸಮಿತಿಯ ಕಾರಣಗಳು ಹಲವು. ಮಗು ಹಡಗು ಹತ್ತಿದರೆ ತಾಯಿ ಅದನ್ನು ಮತ್ತೆ ನೋಡುವುದು ಎಷ್ಟೋ ವೇಳೆ ಹತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಅದಕ್ಕೆ ತಾಯಿಯ ಮುಖವೇ ಮರೆತಿರುತ್ತಿತ್ತು.

ಇದಕ್ಕೊಂದು ನಿದರ್ಶನ ಜಗತ್ಪ್ರಸಿದ್ಧವಾದ ಮನೆತನದಲ್ಲೇ ಇದೆ. ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟನ ಮಗಳು ಮಾರಿ ೧೮೪೨ರಲ್ಲಿ ತಲಶೇರಿಯಲ್ಲಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಇಂಡಿಯಾಕ್ಕೆ ಮರಳಿದರು. ಅವಳು ಪುನಃ ಅವರ ಬಳಿಗೆ ಬಂದುದು ೧೮೫೭ರಲ್ಲಿ, ಹದಿನೈದರ ಹುಡುಗಿಯಾಗಿ. ಈ ಮಾರಿಯ ಮಗನೇ ೧೯೪೬ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅವನ ತಂದೆ ಯೊಹಾನ್ನೆಸ್ ಹೆಸ್ಸೆಯೂ ೧೮೬೯ರಿಂದ ಕೆಲವರ್ಷ ಮಂಗಳೂರಿನಲ್ಲಿದ್ದು, ಆರೋಗ್ಯ ಕೆಟ್ಟು ಹಿಂದಿರುಗಿದವನು. ಇಂಡಿಯಾ ಆ ಮನೆಯಲ್ಲಿ ಮೂರು ತಲೆಮಾರಿನ ಮಾತಾಯಿತು.

ಎದುರು ದಿಕ್ಕಿನಲ್ಲಿ ಹೋದವರೂ ಇದ್ದರು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ೧೮೪೪ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ೧೮೪೬ರಲ್ಲಿ ಹರ್ಮನ್ ಮೋಗ್ಲಿಂಗನ ಜೊತೆಗೆ ಬಾಸೆಲಿಗೆ ಹೋದ. ಅಲ್ಲಿ ಶಿಕ್ಷಣ ಪಡೆದು, ದೀಕ್ಷೆಯಾಗಿ ೧೮೫೧ರಲ್ಲಿ ಮರಳಿದ. ೧೮೬೦ರಲ್ಲಿ ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳು ಆತನನ್ನು ಮದುವೆಯಾಗಲು ಕಡಲು ದಾಟಿ ಬಂದಳು. ಹೋದ ಮಗ ಬೇರೊಬ್ಬನಾಗಿ ಬರುವುದೆಂದರೇನು ಎಂಬುದನ್ನು ಆ ಮನೆತನದವರಷ್ಟು ಅರಿತವರು ಆ ಕಾಲದ ಮಂಗಳೂರಿನಲ್ಲಿ ಇರಲಾರರು.

ಇಷ್ಟೆಲ್ಲ ನಿಯಮಗಳ ನಡುವೆ ಒಬ್ಬ ಮನುಷ್ಯನ ಪಾಡು ಹೇಗಿತ್ತೆಂಬುದನ್ನು ಕಾಣಲು ಫರ್ಡಿನಂಡ್ ಕಿಟ್ಟೆಲನ ಬಾಳಿನತ್ತ ತಿರುಗಬೇಕು. ಕನ್ನಡಿಗರು ಆತನನ್ನು ನಿಘಂಟಿನ ಬೆನ್ನಿನ ಮೇಲಣ ಹೆಸರಾಗಿ ಬಲ್ಲರು. ಬೆಂಗಳೂರಿನವರು ಮಹಾತ್ಮಾ ಗಾಂಧಿ ರಸ್ತೆಯ ಪ್ರತಿಮೆಯಾಗಿ ಬಲ್ಲರು. ಧಾರವಾಡದವರು ಕಾಲೇಜಿನ ಹೆಸರಾಗಿ ಬಲ್ಲರು. ಪರದೇಶದ ನೌಕರಿಗೆ ಬಂದ ಒಬ್ಬ ಆಳಾಗಿ ಆತನನ್ನು ನೋಡಿದವರು ಕಡಿಮೆ.

ಕಿಟ್ಟೆಲ್ ಹುಟ್ಟಿದುದು ೧೮೩೨ರ ಏಪ್ರಿಲ್ ೭ರಂದು, ಜರ್ಮನಿಯ ಉತ್ತರದ ಕಡಲ ಕರೆಯ ಪೂರ್ವ ಫ್ರೀಸ್‌ಲೆಂಡಿನಲ್ಲಿ. ಬಾಸೆಲಿನಲ್ಲಿ ಶಿಕ್ಷಣ ಮುಗಿಸಿ ೧೮೫೩ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಧಾರವಾಡಕ್ಕೆ ಬಂದ. ಕನ್ನಡವನ್ನು ಆತ ಕಲಿತ ಆಸ್ಥೆ ಅಸಾಧಾರಣವಾದುದು. ಜನರ ನಡುವೆ ಜನರಂತೆ ಬಾಳದ ಹೊರತು ಅವರ ಮನಸ್ಸು ತಿಳಿಯದು, ಬಂಗಲೆಯ ಗೋಡೆಯ ಒಳಗಿದ್ದು ಆಗುವ ಕೆಲಸವಲ್ಲ ಇದು ಎಂದು ಆತನ ನಂಬಿಕೆ. ಹಿರಿಯ ಮಿಶನರಿಗಳಿಗೆ ಇದು ಹಿಡಿಸಲಿಲ್ಲ, ಬಾಸೆಲಿನವರೂ ಮೆಚ್ಚಲಿಲ್ಲ. ಹೊಸದಾಗಿ ಬಂದ ತರುಣ, ಬಂದ ಕೆಲವೇ ವರ್ಷಗಳಲ್ಲಿ, ಸಂಸ್ಥೆಯ ದೃಷ್ಟಿಯಲ್ಲಿ ಹದಕ್ಕೆ ಬಾರದ ನೌಕರನಾಗಿಬಿಟ್ಟ. ಇತ್ತೀಚಿನ ವಿದ್ವಾಂಸರು ಅವನ ಬಾಳನ್ನು ಕುರಿತು ಸಂಪಾದಿಸಿದ ಗ್ರಂಥದ ಹೆಸರಿನಲ್ಲೇ ಆರಂಭದ ಸೋಲು, ಮರಣಾನಂತರದ ಗೆಲುವು ಎಂಬ ಮಾತುಗಳಿವೆ.

ಇಲ್ಲಿ ಸಮಿತಿಯನ್ನಷ್ಟೇ ದೂರುವುದು ನ್ಯಾಯವಲ್ಲ. ದೂರದ ಊರಿಗೆ ಒಬ್ಬನನ್ನು ಕಳಿಸಿದ ಧಣಿಗೆ ಯಾವಾಗಲೂ ಇರುವ ದಿಗಿಲು ಎರಡು: ಹೋದವನು ಅಲ್ಲಿ ಹೊಂದಿಕೊಳ್ಳದೆ ಹೋದರೆ? ಎಂಬುದೊಂದು, ಅತಿಯಾಗಿ ಹೊಂದಿಕೊಂಡು ಅಲ್ಲಿಯವನೇ ಆಗಿಬಿಟ್ಟರೆ? ಎಂಬುದು ಇನ್ನೊಂದು. ಭಾಷೆ ಕಲಿ ಎಂದು ಹೇಳಿ ಕಳಿಸಿದವರೇ, ಕಲಿತವನು ಆ ಭಾಷೆಯ ಜನರ ಪಕ್ಷದಿಂದ ಮಾತನಾಡತೊಡಗಿದಾಗ ಹುಬ್ಬು ಗಂಟಿಕ್ಕುತ್ತಾರೆ. ಕಿಟ್ಟೆಲನ ವಿಷಯದಲ್ಲಿ ನಡೆದುದು ಬಹುಮಟ್ಟಿಗೆ ಇದೇ.

ಅವನ ಮನೆಯ ಕಥೆಯೂ ಸುಖದ್ದಲ್ಲ. ೧೮೬೦ರಲ್ಲಿ ಪೌಲೀನ ಐತ್ ಎಂಬವಳೊಂದಿಗೆ ಮದುವೆ. ನಾಲ್ಕೇ ವರ್ಷಕ್ಕೆ, ೧೮೬೪ರಲ್ಲಿ, ಆಕೆ ತೀರಿಕೊಂಡಳು. ೧೮೬೭ರಲ್ಲಿ ಆಕೆಯ ತಂಗಿ ಯೂಲಿಯೆ ಅವನ ಕೈಹಿಡಿದಳು. ಅಕ್ಕ ಸತ್ತ ಸೀಮೆಗೆ ತಂಗಿ ಬಂದುದು ಯಾವ ಧೈರ್ಯದಿಂದಲೋ! ಈ ನಡುವೆ ಕಿಟ್ಟೆಲನ ಲೇಖನಿ ನಿಲ್ಲಲಿಲ್ಲ. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವನ ಸಂಪಾದನೆಯಲ್ಲಿ ಹೊರಬಂದವು. ತಾಳೆಗರಿಯ ಕಟ್ಟುಗಳನ್ನು ಹುಡುಕಿ ಪಾಠಗಳನ್ನು ತಾಳೆ ನೋಡುವುದು, ಹಳಗನ್ನಡ ಬಲ್ಲ ಪಂಡಿತರೊಡನೆ ಕುಳಿತು ಅರ್ಥ ಬಿಡಿಸುವುದು, ಇವು ಒಬ್ಬ ಪಾದ್ರಿಯನ್ನು ಕಳಿಸುವಾಗ ಬಾಸೆಲಿನವರು ಬರೆದುಕೊಟ್ಟ ಕೆಲಸದ ಪಟ್ಟಿಯಲ್ಲಿ ಇದ್ದಿರಲಾರವು. ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗಲೂ ಹೀಗೆಯೇ. ಕಳಿಸಿದವರು ಬಯಸಿದ್ದು ಒಂದು, ಹೋದವನಿಂದ ಆದದ್ದು ಇನ್ನೊಂದು. ಉಳಿದದ್ದು ಆ ಇನ್ನೊಂದೇ.

ಆದರೂ ನಿಘಂಟಿನ ವಿಷಯದಲ್ಲಿ ಮಿಶನ್ ಸಂಸ್ಥೆ ಜಾಣತನ ತೋರಿತೆನ್ನಬೇಕು. ಪ್ರಚಾರಕನಾಗಿ ಒಗ್ಗದವನ ಕೈಗೆ ಅವನಿಗೆ ಒಗ್ಗುವ ಕೆಲಸವನ್ನೇ ಕೊಟ್ಟಿತು. ಮಂಗಳೂರಿನಲ್ಲಿ ಅದಕ್ಕೆ ಬೇಕಾದ ಅಚ್ಚುಕೂಟವೂ ಇತ್ತು. ಕಿಟ್ಟೆಲ್ ೧೮೭೭ರಲ್ಲಿ ಸಂಸಾರದೊಡನೆ ಜರ್ಮನಿಗೆ ಮರಳಿದ. ಕೆಲಸ ಮುಗಿದಿರಲಿಲ್ಲ. ಮೇಜಿನ ಮುಂದೆ ಕುಳಿತು ಮುಗಿಯುವ ಕೆಲಸವೂ ಅದಾಗಿರಲಿಲ್ಲ. ಒಂದು ಗಾದೆಯ ಅರ್ಥ, ಒಂದು ಗಿಡದ ಹೆಸರು, ರೈತನ ಉಪಕರಣದ ಒಂದು ಭಾಗ, ಇವಕ್ಕೆ ಕನ್ನಡದವರ ಬಾಯೇ ಬೇಕು. ಆದುದರಿಂದ ೧೮೮೩ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಆತನೊಬ್ಬನೇ ಮತ್ತೆ ಹಡಗು ಹತ್ತಿದ. ೧೮೯೨ರವರೆಗೆ ಇಲ್ಲಿದ್ದ. ಒಂಬತ್ತು ವರ್ಷ!

ಇಂದಿನ ಕಂಪನಿಗಳಲ್ಲಿ ಇದಕ್ಕೆ ‘ಒಂಟಿ ನಿಯೋಜನೆ’ ಎಂದು ಹೇಳುವ ವಾಡಿಕೆಯುಂಟು. ಕೆಲವು ತಿಂಗಳ ಮೇಲಾದರೆ ಮನೆಗೆ ಹೋಗಿಬರಲು ರಜೆಯನ್ನೂ ವೆಚ್ಚವನ್ನೂ ಕೊಡುತ್ತಾರೆ. ಕಿಟ್ಟೆಲನಿಗಿದ್ದುದು ಚೀಟಿಗಳ ಕಟ್ಟು, ಪಂಡಿತರ ಸಹವಾಸ, ಟಪಾಲಿನ ನಿರೀಕ್ಷೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪೀಠಿಕೆಯನ್ನು ಬಿಟ್ಟು ೧,೭೫೨ ಪುಟಗಳಿವೆ. ಸುಮಾರು ಎಪ್ಪತ್ತು ಸಾವಿರ ಶಬ್ದಗಳು. ೧೮೯೬ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಕನ್ನಡ ವ್ಯಾಕರಣವನ್ನು ಅಚ್ಚಿನಲ್ಲಿ ಕಂಡ ೧೯೦೩ನೆಯ ಇಸವಿಯ ಡಿಸೆಂಬರಿನಲ್ಲೇ, ಟ್ಯೂಬಿಂಗನ್ನಿನಲ್ಲಿ, ಆತನ ಬಾಳು ಮುಗಿಯಿತು.

ಟ್ಯೂಬಿಂಗನ್ ಸ್ಟುಟ್‌ಗಾರ್ಟಿಗೆ ತೀರ ಹತ್ತಿರದ ಊರು. ಅಲ್ಲಿ ಕೊನೆಯ ವರ್ಷಗಳಲ್ಲಿ ಕನ್ನಡದಲ್ಲಿ ನಾಲ್ಕು ಮಾತನಾಡಬೇಕೆನಿಸಿದರೆ ಆ ವೃದ್ಧನಿಗೆ ಯಾರಿದ್ದರು? ಮರಳಿ ಹೋದವನ ನಿಜವಾದ ಕಷ್ಟ ಇದು. ಇಲ್ಲಿದ್ದಾಗ ಅಲ್ಲಿಯವನು, ಅಲ್ಲಿಗೆ ಹೋದ ಮೇಲೆ ಇಲ್ಲಿಯವನು. ಗುಂಡರ್ಟನ ಅದೃಷ್ಟ ಸ್ವಲ್ಪ ಮೇಲು. ೧೮೫೯ರಲ್ಲಿ ಹಿಂದಿರುಗಿದ ಆತನಿಗೆ ಕಾಲ್ವ್ ಎಂಬ ಊರಿನ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ದೊರೆತು, ಮುಂದೆ ಅದರ ಯಜಮಾನಿಕೆಯೂ ಬಂದಿತು. ಅಲ್ಲಿ ಕುಳಿತೇ ಆತ ೧೮೭೨ರಲ್ಲಿ ಹೊರಬಂದ ಮಲಯಾಳಂ ನಿಘಂಟನ್ನು ಪೂರೈಸಿದ. ಪರದೇಶದಲ್ಲಿ ಗಳಿಸಿದ ತಿಳಿವಳಿಕೆಗೆ ಸ್ವದೇಶದಲ್ಲಿ ಒಂದು ಮೇಜು, ಒಂದು ಕುರ್ಚಿ ಸಿಕ್ಕಿದ ಅಪರೂಪದ ಸಂದರ್ಭವಿದು.

ಎಷ್ಟು ನಿಯಮ ಮಾಡಿದರೂ ಯುದ್ಧ ಬಂದಾಗ ಏನು ಮಾಡಬೇಕೆಂಬುದನ್ನು ಮಾತ್ರ ಬಾಸೆಲಿನ ಸಮಿತಿ ಬರೆದಿಟ್ಟಿರಲಿಲ್ಲ. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡೊಡನೆ, ಅಷ್ಟು ವರ್ಷ ನೆರೆಹೊರೆಯವರಾಗಿದ್ದ ಜರ್ಮನ್ ಮಿಶನರಿಗಳು ಸರ್ಕಾರದ ಲೆಕ್ಕದಲ್ಲಿ ಶತ್ರುಪ್ರಜೆಗಳಾದರು. ಗಂಡಸರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು. ೧೯೧೫-೧೬ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಜರ್ಮನ್ ಸಂಸಾರಗಳನ್ನು ತುಂಬಿಕೊಂಡು ಯೂರೋಪಿನತ್ತ ಹೊರಟಿತು. ಸಂಸ್ಥೆಯ ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಬತ್ತು ವರ್ಷಗಳ ಏರ್ಪಾಟು ಒಂದೆರಡು ವರ್ಷಗಳಲ್ಲಿ ಕದಡಿಹೋಯಿತು.

ಕಳಿಸಿದ ಧಣಿಯ ಕೈ ಮೀರಿದ ಇಂಥ ಗಳಿಗೆಗಳು ಆಮೇಲೆಯೂ ಬಂದಿವೆ. ೧೯೯೦ರ ಆಗಸ್ಟ್ ೨ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಇಂಡಿಯಾದ ದುಡಿಮೆಗಾರರನ್ನು ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ಕರೆತರಬೇಕಾಯಿತು. ಏರ್ ಇಂಡಿಯಾ ಎರಡು ತಿಂಗಳಲ್ಲಿ ೪೮೮ ಸಲ ಹಾರಿ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಜನರನ್ನು ತಂದಿತು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ವಿಮಾನಗಳು ನಿಂತಾಗ, ವೀಸಾದ ಅವಧಿ ಮುಗಿದು, ಕೆಲಸವೂ ಹೋಗಿ, ಊರಿಗೂ ಬರಲಾರದೆ ನಿಂತವರ ಪಾಡು ಇನ್ನೂ ಹಸಿಯಾಗಿದೆ. ಇಂಥ ಹೊತ್ತಿನಲ್ಲಿ ತನ್ನವರು ಯಾವ ಊರಿನಲ್ಲಿ, ಯಾವ ಮನೆಯಲ್ಲಿ, ಎಷ್ಟು ಜನ ಇದ್ದಾರೆಂದು ಹೇಳಬಲ್ಲ ಸಂಸ್ಥೆಗಳು ಮೊದಲು ಪಾರಾದವು. ಸರಿಯಾದ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ಗುಮಾಸ್ತೆಯ ಕೆಲಸವೆಂದು ಹಗುರಾಗಿ ಕಾಣುವವರು ಇದನ್ನು ನೆನೆಯಬೇಕು.

ಕಲ್ಪನೆಯ ಆ ದುಂಡಸಿಯ ಮನೆಗೆ ಈಗ ಮರಳಬಹುದು. ಆ ತಾಲೂಕಿಗೂ ಈ ಹೊಸ ಕಾಲದ ನೌಕರಿಗೂ ಇರುವ ನಂಟು ಕೇವಲ ಕಲ್ಪನೆಯದಲ್ಲ. ಇನ್ಫೋಸಿಸ್ ಸಂಸ್ಥೆಯ ಆರಂಭಕ್ಕೆ ೧೯೮೧ರಲ್ಲಿ ಹತ್ತು ಸಾವಿರ ರೂಪಾಯಿ ಒದಗಿಸಿದ ಸುಧಾ ಮೂರ್ತಿಯವರು ೧೯೫೦ರಲ್ಲಿ ಹುಟ್ಟಿದುದು ಶಿಗ್ಗಾಂವಿಯಲ್ಲೇ. ಆ ಸಂಸ್ಥೆಯ ಮೊದಲ ಗಿರಾಕಿ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಂಪನಿ. ಸ್ಥಾಪಕರಲ್ಲೇ ಹಲವರು ಅಮೆರಿಕೆಗೆ ಹೋಗಿ ಗಿರಾಕಿಯ ಜಾಗದಲ್ಲಿ ಕುಳಿತು ಕೆಲಸ ಮಾಡಿದರು. ೧೯೮೩ರಲ್ಲಿ ಸಂಸ್ಥೆ ಪುಣೆಯಿಂದ ಬೆಂಗಳೂರಿಗೆ ಬಂದುದಕ್ಕೆ ಕಾರಣವಾದ ಗಿರಾಕಿ ಮೈಕೊ; ಸ್ಟುಟ್‌ಗಾರ್ಟಿನ ಬಾಷ್ ಕಂಪನಿಯ ಇಲ್ಲಿನ ಶಾಖೆ. ಬೆಂಗಳೂರಿನ ಇಂಜಿನಿಯರುಗಳಿಗೆ ಸ್ಟುಟ್‌ಗಾರ್ಟ್ ಪರಿಚಯದ ಊರಾದುದು ಹೀಗೆ.

ಹೊರಡುವ ಮುನ್ನ ಆ ಹುಡುಗನ ಕೈಗೆ ಒಂದು ಪತ್ರ ಬರುತ್ತದೆ. ಅದರಲ್ಲಿ ಯಾರ ನೌಕರ, ಎಷ್ಟು ಕಾಲ, ಯಾವ ನಾಣ್ಯದಲ್ಲಿ ಸಂಬಳ ಎಂಬುದೆಲ್ಲ ಇರುತ್ತದೆ. ಇದನ್ನು ಕಣ್ಣಿಗೆಣ್ಣೆ ಬಿಟ್ಟುಕೊಂಡು ಓದಬೇಕು. ಕೈಯಲ್ಲಿರುವ ವೀಸಾ ಯಾವ ಬಗೆಯದೆಂಬುದೂ ಹುಡುಗಾಟದ ಮಾತಲ್ಲ. ಸಭೆಗೆ ಹೋಗಿಬರುವವನ ವೀಸಾ ಬೇರೆ, ಕುಳಿತು ದುಡಿಯುವವನದು ಬೇರೆ. ಈ ವ್ಯತ್ಯಾಸದ ವಿಷಯವಾಗಿ ಅಮೆರಿಕೆಯ ಸರ್ಕಾರ ಎತ್ತಿದ ಆರೋಪದಲ್ಲಿ ಇನ್ಫೋಸಿಸ್ ೨೦೧೩ರಲ್ಲಿ ಮೂರು ಕೋಟಿ ನಲವತ್ತು ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವೀಸಾ ವಂಚನೆಯ ಮಾತನ್ನು ಸಂಸ್ಥೆ ಒಪ್ಪಲಿಲ್ಲ. ಜರ್ಮನಿಯಲ್ಲಿ ೨೦೧೭ರಿಂದ ಒಂದೇ ಕಂಪನಿಯ ಶಾಖೆಗಳ ನಡುವೆ ವರ್ಗವಾಗಿ ಬರುವ ತಜ್ಞರಿಗೆ ಬೇರೆಯೇ ಪರವಾನಗಿಯುಂಟು. ಅವಧಿ ಹೆಚ್ಚೆಂದರೆ ಮೂರು ವರ್ಷ.

ತೆರಿಗೆಯ ತೊಡಕು ಇನ್ನೊಂದು. ಒಂದು ವರ್ಷದಲ್ಲಿ ೧೮೨ ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಇಂಡಿಯಾದಲ್ಲಿದ್ದವನನ್ನು ಇಲ್ಲಿಯ ಕಾಯದೆ ನಿವಾಸಿಯೆಂದು ಎಣಿಸುತ್ತದೆ. ವರ್ಷದ ನಡುವೆ ಹೊರಟವನು ಎರಡೂ ದೇಶಗಳಿಗೆ ಲೆಕ್ಕ ಒಪ್ಪಿಸಬೇಕಾಗಬಹುದು. ಒಳ್ಳೆಯ ಕಂಪನಿಗಳು, ನೌಕರ ಊರಿನಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ತೆರುತ್ತಿದ್ದನೋ ಅಷ್ಟನ್ನೇ ಅವನಿಂದ ಹಿಡಿದು, ಮಿಕ್ಕುದನ್ನು ತಾವೇ ಭರಿಸುತ್ತವೆ. ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲವಾದ್ದರಿಂದ ಮೊದಲೇ ಕೇಳಿಕೊಳ್ಳುವುದು ಲೇಸು.

ಭವಿಷ್ಯನಿಧಿಯ ವಿಷಯದಲ್ಲಿ ಜರ್ಮನಿಗೆ ಹೋದವನ ಗ್ರಹಗತಿ ಚೆನ್ನಾಗಿದೆ. ಎರಡು ದೇಶಗಳ ನಡುವೆ ಆದ ಸಮಗ್ರ ಒಪ್ಪಂದ ೨೦೧೭ರಲ್ಲಿ ಜಾರಿಗೆ ಬಂದಿದೆ. ಭವಿಷ್ಯನಿಧಿಯ ಕಚೇರಿಯಿಂದ ಒಂದು ಪ್ರಮಾಣಪತ್ರ ತೆಗೆದುಕೊಂಡು ಹೋದರೆ, ನಿಯೋಜನೆಯ ಮೇಲೆ ಹೋದವನು ಗೊತ್ತಾದ ಅವಧಿಯವರೆಗೆ ಅಲ್ಲಿಯ ಪಿಂಚಣಿನಿಧಿಗೆ ಮತ್ತೆ ಹಣ ಕಟ್ಟಬೇಕಾದುದಿಲ್ಲ. ಅಮೆರಿಕೆಯೊಡನೆ ಇಂಥ ಒಪ್ಪಂದವಿಲ್ಲ. ಅಲ್ಲಿ ಸಂಬಳದಿಂದ ನೂರಕ್ಕೆ ೬.೨ರಷ್ಟು ಸಾಮಾಜಿಕ ಭದ್ರತೆಗೆ ಹೋಗುತ್ತದೆ. ಧಣಿಯೂ ಅಷ್ಟನ್ನೇ ಕಟ್ಟುತ್ತಾನೆ. ಪಿಂಚಣಿಯ ಹಕ್ಕು ಬರುವುದು ಸುಮಾರು ಹತ್ತು ವರ್ಷ ಕಟ್ಟಿದ ಮೇಲೆ. ಅಲ್ಲಿಯ ಎಚ್-೧ಬಿ ವೀಸಾದ ಸಾಮಾನ್ಯ ಮಿತಿಯಾದರೋ ಆರು ವರ್ಷ. ಆರು ವರ್ಷ ಕಟ್ಟಿ ಬರಿಗೈಯಲ್ಲಿ ಬಂದವರ ಸಂಖ್ಯೆ ಸಣ್ಣದಿರಲಾರದು.

ಇವೆಲ್ಲ ಹಣದ ಮಾತು. ಹಣದಿಂದ ಬಗೆಹರಿಯುವ ಮಾತು. ಬಗೆಹರಿಯದ್ದು ಹಳೆಯ ಎರಡು ವಿಷಯಗಳೇ, ಹೆಂಡತಿ ಮತ್ತು ಮಕ್ಕಳು. ಇಂದು ಯಾವ ಸಮಿತಿಯ ಅಪ್ಪಣೆಯೂ ಬೇಡ, ನಿಜ. ಆದರೆ ಗಂಡನೊಡನೆ ಅಮೆರಿಕೆಗೆ ಹೋದ ಎಷ್ಟೋ ಪದವೀಧರೆಯರಿಗೆ ಅಲ್ಲಿ ದುಡಿಯುವ ಹಕ್ಕೇ ಇರಲಿಲ್ಲ. ೨೦೧೫ರಲ್ಲಿ ಅವರಲ್ಲಿ ಕೆಲವು ವರ್ಗದವರಿಗೆ ಮಾತ್ರ ಆ ಅವಕಾಶ ತೆರೆಯಿತು. ಇಲ್ಲಿ ಸ್ವಂತ ಸಂಬಳ ತರುತ್ತಿದ್ದವಳು ಅಲ್ಲಿ ಹಿಮ ಬೀಳುವುದನ್ನು ಕಿಟಕಿಯಿಂದ ನೋಡುತ್ತ ಕೂರಬೇಕಾದಾಗ, ಆ ಮನೆಯ ನೆಮ್ಮದಿ ಕಂಪನಿಯ ಯಾವ ಭತ್ಯದಿಂದಲೂ ಮರಳುವುದಿಲ್ಲ. ನಿಯೋಜನೆಗಳು ನಡುವೆಯೇ ಮುರಿದುಬೀಳುವುದು ಕೆಲಸದ ತೊಂದರೆಗಿಂತ ಹೆಚ್ಚಾಗಿ ಮನೆಯ ತೊಂದರೆಯಿಂದ ಎಂಬುದನ್ನು ಇದರಲ್ಲಿ ನುರಿತವರೆಲ್ಲ ಬಲ್ಲರು. ಆದರೂ ಹೊರಡುವ ಮುಂಚೆ ಆ ಹೆಣ್ಣುಮಗಳನ್ನು ಕರೆದು ಕೂರಿಸಿ ಮಾತನಾಡಿಸುವ ಕಂಪನಿಗಳು ಇಂದಿಗೂ ಅಪರೂಪ.

ಮಗುವಿನ ಕಥೆಯೋ, ಬಾಸೆಲಿನ ಮಕ್ಕಳ ಮನೆಯ ಕಥೆಯನ್ನು ತಿರುಗಿಸಿ ಹಿಡಿದಂತೆ. ಜರ್ಮನಿಯಲ್ಲಿ ಶಾಲೆ ಕಡ್ಡಾಯ; ಮನೆಯಲ್ಲೇ ಕಲಿಸುತ್ತೇವೆಂದರೆ ಸರ್ಕಾರ ಒಪ್ಪುವುದಿಲ್ಲ. ಐದರಲ್ಲಿ ಹೋದ ಮಗು ಆರು ತಿಂಗಳಿಗೆ ಜರ್ಮನ್ ಭಾಷೆಯಲ್ಲಿ ಜಗಳವಾಡುತ್ತದೆ. ಎಂಟರಲ್ಲಿ ತಿರುಗಿ ಬಂದಾಗ ಕನ್ನಡದ ಅಕ್ಷರ ಅದಕ್ಕೆ ಹೊಸದು. ಅಜ್ಜಿಯ ಮಾತು ತಿಳಿಯುತ್ತದೆ, ಉತ್ತರ ಬಾಯಿಗೆ ಬರುವುದಿಲ್ಲ. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿದ ಬಾಸೆಲಿನವರ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಮರಳಿ ಬಂದ ಮಗು ತನ್ನ ಊರಿನಲ್ಲಿ ಪರದೇಶಿಯಾಗಬಾರದೆಂಬ ಚಿಂತೆಯನ್ನಾದರೂ ಅವರು ತಮ್ಮ ತಲೆಯ ಮೇಲೆ ಹೊತ್ತಿದ್ದರು. ಇಂದು ಅದು ಪೂರ್ತಿಯಾಗಿ ತಾಯಿಯ ತಲೆಯ ಮೇಲೆ ಬಿದ್ದಿದೆ.

ಉಳಿದದ್ದು ಕಟ್ಟೆಯ ಮೇಲೆ ಕುಳಿತ ಆ ರೈತನ ಪ್ರಶ್ನೆ. ಮೂರು ವರ್ಷ ಹೊರಗಿದ್ದವನ ಕುರ್ಚಿಯಲ್ಲಿ ಅಷ್ಟು ಹೊತ್ತಿಗೆ ಇನ್ನೊಬ್ಬ ಕುಳಿತಿರುತ್ತಾನೆ. ಕಳಿಸಿದ ಅಧಿಕಾರಿ ಬೇರೆ ಕಂಪನಿಗೆ ಹೋಗಿರುತ್ತಾನೆ. ಅಲ್ಲಿ ಹತ್ತು ಜನರ ಮೇಲೆ ಕೆಲಸ ಮಾಡಿಸಿದವನಿಗೆ ಇಲ್ಲಿ ‘ಸದ್ಯಕ್ಕೆ ಇದನ್ನು ನೋಡಿಕೊಳ್ಳಿ’ ಎಂದು ಯಾವುದೋ ಮೂಲೆಯ ಕೆಲಸ ಬರುತ್ತದೆ. ಜರ್ಮನರ ಜೊತೆ ಮಾತುಕತೆ ನಡೆಸುವುದು ಹೇಗೆ, ಅವರ ‘ನೋಡೋಣ’ ಎಂಬುದರ ಅರ್ಥವೇನು ಎಂದು ಅವನು ಕಷ್ಟಪಟ್ಟು ಕಲಿತುದನ್ನು ಯಾರೂ ಕೇಳುವುದಿಲ್ಲ. ವರ್ಷ ತುಂಬುವುದರೊಳಗೆ ಅವನು ರಾಜೀನಾಮೆ ಕೊಟ್ಟರೆ, ಅಷ್ಟು ವೆಚ್ಚ ಮಾಡಿ ಕಳಿಸಿದ ಕಂಪನಿ ಅವನ ಕೃತಘ್ನತೆಯನ್ನು ಹಳಿಯುತ್ತದೆ. ಕಿಟ್ಟೆಲನ ಕೈಗೆ ನಿಘಂಟನ್ನು ಕೊಟ್ಟವರಷ್ಟು ಜಾಣತನವಾದರೂ ಇಲ್ಲಿ ಕಾಣಿಸುವುದಿಲ್ಲ.

ಮಗ ಪತ್ರವನ್ನು ತಂದೆಗೆ ಓದಿ ಹೇಳುತ್ತಾನೆ. ಹೋಗುವ ದಿನಾಂಕವಿದೆ, ಸಾಮಾನು ಎಷ್ಟು ಸೇರು ಒಯ್ಯಬಹುದೆಂಬುದಿದೆ, ಕಾಯಿಲೆ ಬಿದ್ದರೆ ಯಾರಿಗೆ ಫೋನು ಮಾಡಬೇಕೆಂಬುದೂ ಇದೆ. ತಿರುಗಿ ಬಂದಮೇಲಿನ ಕೆಲಸದ ವಿಷಯ ಕೊನೆಯ ಪುಟದಲ್ಲಿ ಒಂದೇ ಸಾಲು: ಆ ಕಾಲದ ಅವಶ್ಯಕತೆಯನ್ನು ನೋಡಿಕೊಂಡು ನಿರ್ಧರಿಸಲಾಗುವುದು. ತಂದೆ ಆ ಸಾಲನ್ನು ಇನ್ನೊಮ್ಮೆ ಓದಿಸುತ್ತಾನೆ.

“ಇದನ್ನ ಹೋಗೂ ಮೊದಲ ಬರಸ್ಕೊಳ್ಳಾಕ ಆಗಂಗಿಲ್ಲೇನು?” ಎನ್ನುತ್ತಾನೆ.